ತೊಂಬತ್ತಾರು ದಿನದ ಸ್ಟ್ರೀಕ್

ಕಳೆದ ವರ್ಷ ಬಕ್ರೀದಿಗೆ ಗಂಗಾವತಿಗೆ ಹೋಗಿದ್ದೆ. ಊಟ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಅಡ್ಡಾಗಿದ್ದ ಹೊತ್ತು. ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಸೂರಾ ಬಯ್ಯಿನಾ ಒಂದ್ಸಲ ಓದೋ, ಕೇಳೋಣು" ಅಂದೆ. ಹನ್ನೊಂದು ವರ್ಷದವ. ನನ್ನ ಮೊಬೈಲಿನ ಲೆಕ್ಕದ ಪ್ರಕಾರ ಕುರ್‌ಆನಿನ ಮೂವತ್ತನೇ ಪಾರಾದ 37 ಸೂರಾಗಳಲ್ಲಿ, ಕೊನೆಯಿಂದ ಶುರುಮಾಡಿ, 22 ಅವನಿಗೆ ಬಾಯಿಪಾಠ ಆಗಿರಬೇಕಿತ್ತು. ಬಯ್ಯಿನಾ ಅದರೊಳಗೇ ಬರುತ್ತದೆ, ಎಂಟೇ ಆಯತ್ತು. ಹುಡುಗ ಎರಡನೇ ಆಯತ್ತಿಗೆ ನಿಂತ. ಫ್ಯಾನು ನೋಡಿದ. ಮೊದಲಿಂದ ಶುರುಮಾಡಿದ, ಅದೇ ಜಾಗದಲ್ಲಿ ಮತ್ತೆ ನಿಂತ. "ನೀರು ಕುಡದು ಬರ್ತೀನಿ ಮಾಮು" ಅಂತ ಎದ್ದು ಹೋದವ ಸಂಜೆತನಕ ಕೈಗೆ ಸಿಗಲಿಲ್ಲ.

(ಮನೆಯಲ್ಲಿ ನಾವು ಆಡುವುದು ದಖನಿ. ಇಲ್ಲಿ ನಮ್ಮೂರ ಕನ್ನಡದಲ್ಲೇ ಬರೆಯುತ್ತೇನೆ. ನಿಜಾಮನ ಕಾಲದಿಂದ ಒಂದೇ ಅಂಗಳದಲ್ಲಿ ಬೆಳೆದ ಎರಡು ಭಾಷೆ, ಒಂದರಿಂದ ಇನ್ನೊಂದಕ್ಕೆ ದಾಟುವುದು ಕಷ್ಟವೇನಲ್ಲ.)

ಮೊಬೈಲಿನ ಲೆಕ್ಕ ಅಂದೆನಲ್ಲ, ಅದರ ಕತೆ ಹೇಳಬೇಕು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಿದ್ದಾಗ ಮಸೀದಿಯ ಜೊತೆ ಮಕ್ತಬೂ ಮುಚ್ಚಿತು. ಗೊತ್ತಿಲ್ಲದವರಿಗೆ: ಮಕ್ತಬ್ ಅಂದರೆ ಮಕ್ಕಳು ಶಾಲೆಗೆ ಮೊದಲೋ ಆಮೇಲೋ ಒಂದು ಗಂಟೆ ಹೋಗಿ ಅರಬ್ಬಿ ಅಕ್ಷರ, ಕುರ್‌ಆನ್ ಓದು, ನಮಾಜಿನ ಪಾಠ ಕಲಿಯುವ ಜಾಗ. ಕರಾವಳಿಯಲ್ಲಿ ಇದಕ್ಕೆ ದೊಡ್ಡ ವ್ಯವಸ್ಥೆಯೇ ಇದೆ. ಕೇರಳದ ಸಮಸ್ತ ಮಂಡಳಿಯ ಕೈಕೆಳಗೆ ಹತ್ತು ಸಾವಿರಕ್ಕೂ ಹೆಚ್ಚು ಮದರಸಾಗಳಿವೆ, ದಕ್ಷಿಣ ಕನ್ನಡದವೂ ಅದರಲ್ಲಿ ಸೇರಿವೆ. ಅವರು ಆ ವರ್ಷ ಜೂನ್ ಹೊತ್ತಿಗೆ ತರಗತಿವಾರು ಪಾಠಗಳನ್ನು ಯೂಟ್ಯೂಬಿಗೆ ತಂದುಬಿಟ್ಟರು. ನಮ್ಮ ಕಡೆ ಹಾಗೆಲ್ಲಿ? ಆಯಾ ಮಸೀದಿ, ಆಯಾ ಕಮಿಟಿ, ಒಬ್ಬ ಹಾಫೀಜ್ ಸಾಬರು, ನಲವತ್ತು ಹುಡುಗರು. ನಮ್ಮ ಹಾಫೀಜ್ ಸಾಬರು ತಮ್ಮ ಸಣ್ಣ ಫೋನಿನಲ್ಲೇ ವಾಟ್ಸಾಪ್ ವಿಡಿಯೋ ಕಾಲ್ ಮಾಡಿ, ಒಬ್ಬೊಬ್ಬ ಹುಡುಗನ ಪಾಠ ಕೇಳತೊಡಗಿದರು. ಮಸೀದಿ ತೆರೆದ ಮೇಲೆ ಬಹಳ ಹುಡುಗರು ವಾಪಸ್ ಹೋದರು. ಅಕ್ಕನ ಮಗ ಹೋಗಲಿಲ್ಲ. ಇಂಗ್ಲಿಷ್ ಮೀಡಿಯಂ ಶಾಲೆಯ ಬಸ್ಸು, ಅದು ಮುಗಿದರೆ ಟ್ಯೂಷನ್ನು. ವಾರಕ್ಕೆ ಮೂರು ದಿನ ಕಾಲ್, ಉಳಿದ ದಿನ ವಾಯ್ಸ್ ನೋಟ್ ಕಳಿಸುವುದು ಅಂತ ಒಪ್ಪಂದ ಆಯಿತು.

ಹುಡುಗ ತಪ್ಪಿಸತೊಡಗಿದ. ಅಕ್ಕ ನನಗೆ ಫೋನ್ ಮಾಡಿ, "ನೀ ಕಂಪ್ಯೂಟರ್‌ದಾಗ ಅಷ್ಟ್ ಮಂದಿಗೆ ಏನೇನೋ ಮಾಡಿ ಕೊಡ್ತಿ, ನನ್ನ ಮಗಗ ಒಂದು ಏನಾರ ಮಾಡಿ ಕೊಡು" ಅಂದಳು. ಮಾಡಿಕೊಟ್ಟೆ. ಎರಡು ಭಾನುವಾರದ ಕೆಲಸ. ದಿನಾ ಪಾಠದ ರೆಕಾರ್ಡಿಂಗ್ ಹಾಕಿದರೆ ಬೆಂಕಿಯ ಚಿಹ್ನೆಯೊಂದು ಹೊತ್ತಿಕೊಳ್ಳುತ್ತದೆ, ಎಷ್ಟು ದಿನ ಸತತ ಅಂತ ಎಣಿಸುತ್ತದೆ, ಏಳು ದಿನಕ್ಕೊಂದು ಪದಕ. ಒಂದು ದಿನ ತಪ್ಪಿದರೆ ಸೊನ್ನೆ. ಆ ರೆಕಾರ್ಡಿಂಗ್ ಹಾಫೀಜ್ ಸಾಬರ ವಾಟ್ಸಾಪಿಗೂ ಹೋಗುತ್ತದೆ. ನೂರು ದಿನ ಆದರೆ ಕಾಶ್ಮೀರ್ ವಿಲ್ಲೋ ಬ್ಯಾಟು ಅಂತ ಮೇಲಿಂದ ನಾನೇ ಆಸೆ ಹಚ್ಚಿದ್ದೆ. ಇದೇನು ನನ್ನ ಸ್ವಂತ ಬುದ್ಧಿಯಲ್ಲ. ಭಾಷೆ ಕಲಿಸುವ ಆ್ಯಪು, ಓಡಲು ಹಚ್ಚುವ ಆ್ಯಪು, ನೀರು ಕುಡಿಯಲು ನೆನಪಿಸುವ ಆ್ಯಪು, ಎಲ್ಲದರೊಳಗೂ ಇರುವ ಮದ್ದು ಇದೇ. ನಮ್ಮ ಉದ್ಯೋಗದಲ್ಲಿ ಇದಕ್ಕೆ ರಿಟೆನ್ಷನ್ ಅನ್ನುತ್ತೇವೆ, ಮನುಷ್ಯ ಬಿಟ್ಟುಹೋಗದ ಹಾಗೆ ಹಿಡಿದಿಡುವುದು.

ಬಕ್ರೀದಿನ ಆ ಸಂಜೆ ಲ್ಯಾಪ್‌ಟಾಪ್ ತೆಗೆದು ಡೇಟಾಬೇಸ್ ನೋಡಿದೆ. 96 ರೆಕಾರ್ಡಿಂಗು. ಸೈಜಿನ ಪ್ರಕಾರ ಜೋಡಿಸಿದೆ. ಅದರಲ್ಲಿ 23 ಫೈಲುಗಳು ಒಂದು ಬೈಟೂ ಹೆಚ್ಚುಕಮ್ಮಿ ಇಲ್ಲದೆ ಒಂದೇ ಸೈಜಿನವು. ನೆಟ್‌ವರ್ಕ್ ಕೈಕೊಟ್ಟರೆ ಇರಲಿ ಅಂತ ಗ್ಯಾಲರಿಯಿಂದ ಹಳೇ ಫೈಲು ಆರಿಸುವ ದಾರಿಯನ್ನು ನಾನೇ ಇಟ್ಟಿದ್ದೆ, ಹುಡುಗ ಆ ದಾರಿಯಲ್ಲೇ ಆರಾಮಾಗಿ ಓಡಾಡಿದ್ದ. ಹೊಸ ಸೂರಾ ಅಂತ ಗುರುತು ಹಾಕುತ್ತಾ ಹೋಗಿದ್ದ, ಒಳಗೆ ಅದೇ ಹಳೇ ದನಿ.

ನನ್ನ ಮೊದಲ ಯೋಚನೆ ಏನು ಬಂತು ಅಂತ ಹೇಳಿದರೆ ನೀವು ನಗಬಹುದು. ಒಂದು ಹ್ಯಾಶ್ ಚೆಕ್ ಹಾಕಿದರೆ ಮುಗೀತು, ಅದೇ ಫೈಲು ಎರಡನೇ ಸಲ ಬಂದರೆ ತಿರಸ್ಕರಿಸು. ಹತ್ತು ಸಾಲಿನ ಕೋಡು. ಬರೆಯಲು ಕೂತೂ ಬಿಟ್ಟೆ. ಮೂರನೇ ಸಾಲಿಗೆ ಕೈ ನಿಂತಿತು. ಯಾವುದನ್ನು ರಿಪೇರಿ ಮಾಡುತ್ತಿದ್ದೇನೆ ಅನ್ನುವುದೇ ತಿಳಿಯಲಿಲ್ಲ.

ಮಗ್ಗಿ ಕಲಿಯುವ ಹುಡುಗನಿಗೆ ಚಾಕಲೇಟಿನ ಆಸೆ ತೋರಿಸಿ ಹದಿನೇಳರ ಮಗ್ಗಿ ಕಲಿಸಿದೆವು ಅನ್ನಿ. ಚಾಕಲೇಟು ಕರಗಿಹೋಗುತ್ತದೆ, ಮಗ್ಗಿ ಉಳಿಯುತ್ತದೆ. ನಾನು ಬಿಇ ಓದಿದ್ದು ಜ್ಞಾನದ ಹಸಿವಿನಿಂದಲ್ಲ, ಕ್ಯಾಂಪಸ್ಸಿನಲ್ಲಿ ಕೆಲಸ ಸಿಗಲಿ ಅಂತ. ನನ್ನ ಕೋಡು ಓಡುವಾಗ ಅದನ್ನು ಯಾವ ಉದ್ದೇಶಕ್ಕೆ ಬರೆದೆ ಅಂತ ಸರ್ವರು ಕೇಳುವುದಿಲ್ಲ. ಅಲ್ಲೆಲ್ಲ ಪ್ರೇರಣೆ ಎನ್ನುವುದು ಡೀಸೆಲ್ ಇದ್ದ ಹಾಗೆ. ಯಾವ ಬಂಕಿನಿಂದ ಹಾಕಿಸಿದರೂ ಲಾರಿ ಊರು ಸೇರುತ್ತದೆ.

ಧರ್ಮದ ಕಲಿಕೆಯಲ್ಲಿ ಈ ಲೆಕ್ಕ ಕೆಡುತ್ತದೆ. ಬುಖಾರಿಯವರ ಹದೀಸ್ ಸಂಗ್ರಹದ ಮೊಟ್ಟಮೊದಲ ಹದೀಸೇ ನಿಯ್ಯತ್ತಿನ ಬಗ್ಗೆ, ಅಂದರೆ ಒಳಗಿನ ಉದ್ದೇಶದ ಬಗ್ಗೆ. ಮಕ್ಕಾದಿಂದ ಮದೀನಾಕ್ಕೆ ವಲಸೆ ಹೊರಟವರ ಉದಾಹರಣೆ ಅದರಲ್ಲಿ ಬರುತ್ತದೆ. ಅದೇ ದಾರಿ, ಅದೇ ಬಿಸಿಲು, ಅಷ್ಟೇ ದೂರ. ಒಬ್ಬ ದೇವರಿಗಾಗಿ ಹೊರಟ, ಇನ್ನೊಬ್ಬ ಲಾಭಕ್ಕೋ ಮದುವೆಗೋ ಹೊರಟ. ಇಬ್ಬರೂ ಮದೀನಾ ತಲುಪಬಹುದು, ಆದರೆ ಯಾವುದಕ್ಕೆ ನಡೆದರೋ ಅಷ್ಟೇ ಅವರ ಪಾಲಿಗೆ. ಅಂದರೆ ಇಲ್ಲಿ ಪ್ರೇರಣೆ ಲಾರಿಯ ಟ್ಯಾಂಕಿನಲ್ಲಿಲ್ಲ, ಲಾರಿಯ ಮೇಲಿನ ಸರಕೇ ಅದು. ಬ್ಯಾಟಿಗಾಗಿ ಸೂರಾ ಕಲಿತ ಹುಡುಗನಿಗೆ ಬ್ಯಾಟು ಸಿಕ್ಕಿತು ಅಂತಿಟ್ಟುಕೊಳ್ಳಿ. ಉಳಿದದ್ದೇನು?

ಇದು ಬರೀ ಧರ್ಮದವರ ಅನುಮಾನವೂ ಅಲ್ಲ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ಒಂದು ಪ್ರಯೋಗ ಮಾಡಿದ್ದರು. ಚಿತ್ರ ಬಿಡಿಸುವುದೆಂದರೆ ತಾವಾಗಿಯೇ ಖುಷಿಪಡುತ್ತಿದ್ದ ಮಕ್ಕಳು. ಕೆಲವರಿಗೆ ಮೊದಲೇ ಹೇಳಿದರು, ಬಿಡಿಸಿದರೆ ರಿಬ್ಬನ್ನಿನ ಸರ್ಟಿಫಿಕೇಟು ಅಂತ. ಕೆಲವರಿಗೆ ಬಿಡಿಸಿದ ಮೇಲೆ ಅಚಾನಕ್ಕಾಗಿ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಕೆಲ ದಿನ ಬಿಟ್ಟು ನೋಡಿದರೆ ಮೊದಲೇ ಆಸೆ ಹಚ್ಚಿಸಿಕೊಂಡ ಮಕ್ಕಳು ಚಿತ್ರಕ್ಕೆ ಕೊಡುತ್ತಿದ್ದ ಸಮಯ ಮಿಕ್ಕವರ ಅರ್ಧದಷ್ಟಕ್ಕೆ ಇಳಿದಿತ್ತು. ಬಹುಮಾನ ಒಳಗಿದ್ದ ಖುಷಿಯನ್ನೇ ತಿಂದುಹಾಕಿತ್ತು. ನಮ್ಮ ಹುಡುಗನಿಗೆ ಒಳಗೆ ಅಂಥ ಖುಷಿ ಮೊದಲೇ ಇತ್ತೇ ಅಂದರೆ, ಇರಲಿಲ್ಲ ಅನ್ನಬೇಕು. ಇದ್ದಿದ್ದರೆ ಅಕ್ಕ ನನಗೆ ಫೋನ್ ಮಾಡುತ್ತಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಆ್ಯಪು ಮಾಡಿ ಪಾಪ ಮಾಡಿದೆ, ಹಳೇ ಮಕ್ತಬೇ ಚೆನ್ನ ಅಂತ ಒಂದು ಸಲೀಸಾದ ಲೇಖನ ಆಗುತ್ತಿತ್ತು. ಆದರೆ ಆ ಮಕ್ತಬಿನಲ್ಲಿ ನಾನೇ ಕೂತವನು. ಗಂಗಾವತಿಯಿಂದ ಸ್ವಲ್ಪ ದೂರದ, ಎಡದಂಡೆ ಕಾಲುವೆಯ ಪಕ್ಕದ ಹಳ್ಳಿ. ಬೆಳಗಿನ ನಮಾಜಿನ ನಂತರ ಮಸೀದಿಯ ಕಟ್ಟೆಯ ಮೇಲೆ ಸಾಲಾಗಿ ಕೂತು, ರೆಹಲಿನ ಮೇಲೆ ನೂರಾನಿ ಕಾಯಿದಾ ಇಟ್ಟುಕೊಂಡು, ಹಿಂದಕ್ಕೂ ಮುಂದಕ್ಕೂ ತೂಗುತ್ತಾ ಓದುವುದು. ಹಜರತ್‌ರ ಕೈಯಲ್ಲಿ ಬೆತ್ತ. ಭತ್ತದ ನಾಟಿ ಕಾಲದಲ್ಲಿ ಗದ್ದೆಗೆ ಹೋಗಬೇಕಾದ ಹುಡುಗರಿಗೆ ಮಾತ್ರ ರಿಯಾಯಿತಿ, ಮಿಕ್ಕವರು ತಪ್ಪಿಸಿದರೆ ಅಂಗೈ ಕೆಂಪು. ಯಾರದಾದರೂ ಕಾಯಿದಾ ಮುಗಿದರೆ ಅವರ ಮನೆಯಿಂದ ಬೂಂದಿ ಬರುತ್ತಿತ್ತು, ಆ ದಿನ ಹಾಜರಾತಿ ಪೂರ್ತಿ. ಬೆತ್ತ ಮತ್ತು ಬೂಂದಿ. ಇವತ್ತಿಗೂ ನಮಾಜಿನಲ್ಲಿ ನನ್ನ ಬಾಯಿಗೆ ಬರುವ ಸೂರಾಗಳೆಲ್ಲ ಈ ಎರಡರ ನಡುವೆ ಕಲಿತವು. ಅರ್ಥ ಏನು ಅಂತ ನಾನು ಕೇಳಿರಲಿಲ್ಲ, ಯಾರೂ ಹೇಳಿರಲೂ ಇಲ್ಲ. ಅದು ಗೊತ್ತಾಗಿದ್ದು ಇಪ್ಪತ್ತೇಳನೇ ವಯಸ್ಸಿನಲ್ಲಿ, ಬೆಂಗಳೂರಿನ ಪಿಜಿಯಲ್ಲಿ, ಕುರ್‌ಆನಿನ ಕನ್ನಡ ಅನುವಾದವನ್ನು ಫೋನಿನಲ್ಲಿ ಓದಿದಾಗ. ಹಾಗಾಗಿ ಫೋನನ್ನು ಬೈಯುವ ಹಕ್ಕು ನನಗೆ ಅಷ್ಟಾಗಿ ಇಲ್ಲ.

ಇನ್ನೂ ಒಂದಿದೆ. ಧರ್ಮವೂ ಲೆಕ್ಕ ಇಡುತ್ತದೆ. ಕುರ್‌ಆನಿನ ಒಂದೊಂದು ಅಕ್ಷರ ಓದಿದ್ದಕ್ಕೂ ಹತ್ತು ಪಟ್ಟು ಪುಣ್ಯ ಅಂತ ಹದೀಸಿನಲ್ಲೇ ಬರುತ್ತದೆ. ರಂಜಾನಿನಲ್ಲಿ ಅದು ಇನ್ನೂ ಬೆಳೆಯುತ್ತದೆ ಅಂತ ನಮ್ಮ ದಾದಿ ಬೆರಳು ಮಡಚಿ ಎಣಿಸುತ್ತಿದ್ದಳು. ಇದೂ ಪಾಯಿಂಟೇ ಅಲ್ಲವೇ ಅಂತ ನನ್ನ ಟೀಮಿನ ಗೆಳೆಯನೊಬ್ಬ ತಮಾಷೆ ಮಾಡಿದ. ನಕ್ಕೆ, ಆದರೆ ಪ್ರಶ್ನೆ ಅಲ್ಲೇ ಉಳಿಯಿತು. ನನಗೆ ಕಾಣುವ ವ್ಯತ್ಯಾಸ ಒಂದೇ: ದಾದಿಯ ಲೆಕ್ಕದ ಮೊತ್ತ ಯಾವ ಸ್ಕ್ರೀನಿನ ಮೇಲೂ ಕಾಣುತ್ತಿರಲಿಲ್ಲ. ಎಷ್ಟಾಯಿತು, ಒಪ್ಪಿತವಾಯಿತೋ ಇಲ್ಲವೋ ಅವಳಿಗೆ ಗೊತ್ತಾಗುವಂತಿರಲಿಲ್ಲ. ಕಾಣದ ಲೆಕ್ಕಕ್ಕೆ ಮೋಸ ಮಾಡುವುದು ಕಷ್ಟ.

ಈ ಗೊಂದಲದಲ್ಲಿ ಓದುತ್ತಾ ಹೋದಾಗ ಇಮಾಮ್ ಗಜಾಲಿಯವರ ಹತ್ತಿರ ನಿಂತೆ. 1091ರಲ್ಲಿ ಬಗ್ದಾದಿನ ನಿಜಾಮಿಯಾ ಮದರಸಾದ ದೊಡ್ಡ ಗುರು ಆದವರು. ಅವರೇ ಬರೆದುಕೊಂಡಂತೆ ಮುನ್ನೂರು ವಿದ್ಯಾರ್ಥಿಗಳು. ಆ ಕಾಲಕ್ಕೆ ಅದಕ್ಕಿಂತ ಮೇಲಿನ ಹುದ್ದೆ ಇರಲಿಲ್ಲ ಅಂತಲೇ ಹೇಳಬೇಕು. ನಾಲ್ಕು ವರ್ಷಕ್ಕೆ, 1095ರಲ್ಲಿ, ಎಲ್ಲ ಬಿಟ್ಟು ಹೊರಟುಬಿಟ್ಟರು. ತಾನು ಪಾಠ ಹೇಳುತ್ತಿರುವುದು ದೇವರಿಗಾಗಿ ಅಲ್ಲ, ಹೆಸರಿಗಾಗಿ ಅಂತ ಅವರಿಗೆ ಅನಿಸಿಬಿಟ್ಟಿತ್ತು. ತಿಂಗಳುಗಟ್ಟಲೆ ಒದ್ದಾಡಿದರು. ಕೊನೆಗೆ ತರಗತಿಯಲ್ಲಿ ನಾಲಿಗೆಯೇ ಏಳದಂತಾಯಿತು. ಪ್ರೇರಣೆಯ ಪ್ರಶ್ನೆಯನ್ನು ನಾವು ಯಾವಾಗಲೂ ವಿದ್ಯಾರ್ಥಿಯ ತಲೆಗೆ ಕಟ್ಟುತ್ತೇವೆ. ಗಜಾಲಿ ಅದನ್ನು ಮೇಷ್ಟರ ಕುರ್ಚಿಯ ಮೇಲೆ ತಂದಿಟ್ಟರು. ಆ ಹೊತ್ತಿಗೆ ನನಗೆ ನನ್ನದೇ ನಿಯ್ಯತ್ತು ನೆನಪಾಗಿ ಸ್ವಲ್ಪ ಮುಜುಗರ ಆಯಿತು. ಆ 96 ದಿನಗಳ ಸ್ಕ್ರೀನ್‌ಶಾಟನ್ನು ನಾನು ಆಫೀಸಿನಲ್ಲಿ ಮೂರ್ನಾಲ್ಕು ಜನರಿಗೆ ತೋರಿಸಿದ್ದೆ.

ಅವರ ಬಗ್ಗೆ ಇನ್ನೊಂದು ಕತೆ ಹೇಳುತ್ತಾರೆ. ಹರೆಯದಲ್ಲಿ ಓದು ಮುಗಿಸಿ ಊರಿಗೆ ಬರುವಾಗ ದಾರಿಯಲ್ಲಿ ಕಳ್ಳರು ಅಡ್ಡಗಟ್ಟಿ, ಅವರು ಬರೆದುಕೊಂಡಿದ್ದ ಟಿಪ್ಪಣಿಗಳ ಗಂಟನ್ನೂ ಹೊತ್ತರಂತೆ. ಅದರಲ್ಲೇ ನನ್ನ ವಿದ್ಯೆ ಇದೆ ಅಂತ ಇವರು ಬೇಡಿಕೊಂಡಾಗ ಕಳ್ಳರ ಮುಖಂಡ ನಕ್ಕನಂತೆ, ಗಂಟು ಹೋದರೆ ಹೋಗುವ ವಿದ್ಯೆ ಅದೆಂಥ ವಿದ್ಯೆ ಅಂತ. ಗಂಟು ವಾಪಸ್ ಸಿಕ್ಕಿತು. ಆಮೇಲೆ ಮೂರು ವರ್ಷ ಕೂತು ಎಲ್ಲವನ್ನೂ ಬಾಯಿಪಾಠ ಮಾಡಿದರಂತೆ. ನನ್ನ ಆ್ಯಪಿನ ಸರ್ವರಿನಲ್ಲಿ 22 ಸೂರಾಗಳು ಭದ್ರವಾಗಿದ್ದವು. ಹುಡುಗನ ಹತ್ತಿರ ಇರಲಿಲ್ಲ.

ಮರುದಿನ ಹಾಫೀಜ್ ಸಾಬರನ್ನು ನೋಡಲು ಹೋದೆ. ಮಸೀದಿಯ ಪಕ್ಕದ ಅವರ ಕೋಣೆ. ಚಹಾ ತರಿಸಿದರು. ನಾನು ಫೈಲ್ ಸೈಜಿನ ಸಂಶೋಧನೆಯನ್ನು ಬಹಳ ಗಂಭೀರವಾಗಿ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ನನಗ ಗೊತ್ತಿತ್ತರೀ."

"ಹೆಂಗ ಹಜರತ್?"

"ಹಿಂದ ಕುಕ್ಕರ್ ಸೀಟಿ ಹೊಡೀತಿತ್ತು. ಎರಡನೇ ಆಯತ್ತು ಮುಗಿಯೂದಕ್ಕ ಒಂದು, ನಾಕನೇದಕ್ಕ ಒಂದು. ದಿನಾ ಅದ ಜಾಗಾಕ್ಕ ಸೀಟಿ ಹೊಡಿಯೋ ಕುಕ್ಕರ್ ಎಲ್ಲೈತಿ?"

ನಾನು ಬೈಟು ಎಣಿಸಿ ಹಿಡಿದದ್ದನ್ನು ಅವರು ಕಿವಿಯಿಂದ ಮೊದಲ ವಾರದಲ್ಲೇ ಹಿಡಿದಿದ್ದರು. ಹಾಗಿದ್ದರೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ, ಸ್ವಲ್ಪ ಸಿಟ್ಟಿನಿಂದಲೇ.

"ಕಾಲ್‌ನ್ಯಾಗ ನನ್ನ ಮುಂದ ಅಂವ ಸುಳ್ಳು ಓದಿಲ್ಲ. ಬಂದಷ್ಟು ಬಂತು, ಬರದಿದ್ದು ಬರಲಿಲ್ಲ. ನನ್ನ ಹತ್ತಿರ ಅಂವಗ 14 ಸೂರಾ ಬರ್ತಾವು, ನಿಮ್ಮ ಆ್ಯಪಿನ್ಯಾಗ 22 ಬರ್ತಾವು. ಆ ಎಂಟರ ಜವಾಬ್ದಾರಿ ನಂದಲ್ಲ." ಚಹಾ ಕುಡಿದು ಮತ್ತೆ ಅಂದರು: "ಹರೆಯಕ್ಕ ಬರೂತನಕ ಮಕ್ಕಳ ಪಾಪಪುಣ್ಯದ ಲೆಕ್ಕ ಅಲ್ಲಾಹ್‌ನೂ ಶುರು ಮಾಡಂಗಿಲ್ಲ. ನೀವು ಮಾಡೀರಿ."

ಈ ಮಾತು ಚುಚ್ಚಿತು. ಆದರೂ ಅವರ ಜೊತೆ ಪೂರ್ತಿ ಒಪ್ಪಿಗೆ ನನಗೆ ಈಗಲೂ ಇಲ್ಲ. ಗೊತ್ತಿದ್ದೂ ಸುಮ್ಮನಿದ್ದರೆ ಹುಡುಗ ಮೂರು ತಿಂಗಳು ಸುಳ್ಳನ್ನು ಅಭ್ಯಾಸ ಮಾಡಿಕೊಂಡ ಹಾಗಾಯಿತಲ್ಲ? ಅದನ್ನು ಹೇಳಿದೆ ಕೂಡ. ಅವರು ತಲೆಯಾಡಿಸಿದರು, ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ.

ಅವತ್ತು ಅವರಿಂದ ಇನ್ನೊಂದು ತಿಳಿಯಿತು. ಹಿಫ್ಜ್ ಮಾಡುವವರಿಗೆ, ಅಂದರೆ ಇಡೀ ಕುರ್‌ಆನ್ ಬಾಯಿಪಾಠ ಮಾಡುವವರಿಗೆ, ದಿನಕ್ಕೆ ಮೂರು ಥರದ ಪಾಠ ಇರುತ್ತದೆ. ಸಬಕ್, ಇವತ್ತಿನ ಹೊಸದು. ಸಬ್ಕಿ, ಇತ್ತೀಚಿನ ಕೆಲವು ದಿನಗಳದ್ದು. ಮಂಜಿಲ್, ಹಳೆಯದರ ಸರದಿ. ಮರೆವು ಹೇಗೆ ಕೆಲಸ ಮಾಡುತ್ತದೆ ಅಂತ ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ಪುಸ್ತಕ ಬರೆದ, ಅದರ ಬೆನ್ನಿಗೆ ಬಂದ ಸ್ಪೇಸ್ಡ್ ರಿಪಿಟಿಷನ್ ಆ್ಯಪುಗಳನ್ನು ನಾವು ಇಂಟರ್‌ವ್ಯೂ ತಯಾರಿಗೆ ಬಳಸುತ್ತೇವೆ. ಅದೇ ತತ್ವ ಇಲ್ಲಿ ಚಾಪೆಯ ಮೇಲೆ ಕೂತಿದೆ. ನಾನು ಮಾಡಿದ ಆ್ಯಪಿನಲ್ಲಿ ಸಬಕ್ ಒಂದೇ ಇತ್ತು. ಹಳೆಯದನ್ನು ಕೇಳುವ ಜಾಗವೇ ಇರಲಿಲ್ಲ, ಯಾಕಂದರೆ ಹಳೆಯದನ್ನು ಓದಿದರೆ ಬೆಂಕಿ ಹೊತ್ತಿಕೊಳ್ಳುವುದಿಲ್ಲ.

ಈ ನಡುವೆ ಆ ಮನೆಯಲ್ಲೇ ಇನ್ನೊಬ್ಬರು ಆನ್‌ಲೈನಿನಲ್ಲಿ ಕಲಿಯುತ್ತಿದ್ದಾರೆ ಅನ್ನುವುದು ನನ್ನ ಗಮನಕ್ಕೇ ಬಂದಿರಲಿಲ್ಲ. ನಮ್ಮ ಆಪಾ. ನಾನು ಹೋದ ದಿನದಿಂದ ನೋಡುತ್ತಿದ್ದೆ, ಮಧ್ಯಾಹ್ನದ ನಮಾಜಾದ ಮೇಲೆ ಫೋನು ಹಿಡಿದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಸೀರಿಯಲ್ಲು ಅಂದುಕೊಂಡಿದ್ದೆ. ಲಾಕ್‌ಡೌನಿನಿಂದ ಹಿಡಿದು ಇಲ್ಲಿಯತನಕ, ಒಬ್ಬ ಆಲಿಮಾ ಹೇಳಿಕೊಡುವ ತಜ್ವೀದ್, ಅಂದರೆ ಉಚ್ಚಾರಣೆಯ ಪಾಠ. ಕ್ಯಾಮೆರಾ ಇಲ್ಲ, ಬರೀ ದನಿ. ಗೃಹಿಣಿಯರೇ ಎಲ್ಲ. ಹಳ್ಳಿಯಲ್ಲಿ ನಮ್ಮ ಜೊತೆ ಮಕ್ತಬಿಗೆ ಬರುತ್ತಿದ್ದವಳು ಹನ್ನೆರಡಕ್ಕೆ ಬಿಟ್ಟಿದ್ದಳು, ಬಿಡಿಸಿದ್ದರು ಅನ್ನಬೇಕು. ಅರಬ್ಬಿಯಲ್ಲಿ ನಮ್ಮ ಬಾಯಲ್ಲಿ ಬರೀ 'ಸ' ಆಗಿಬಿಡುವ ಅಕ್ಷರಗಳೇ ಮೂರು: ಸೆ, ಸೀನ್, ಸ್ವಾದ್. ಅದನ್ನು ಬಿಡಿಸಿ ಹೇಳಲು ನನಗಂತೂ ಬರುವುದಿಲ್ಲ. ಅವಳು ಮೂರನ್ನೂ ಬೇರೆ ಬೇರೆಯಾಗಿ ಹೇಳಿ ತೋರಿಸಿದಳು, ನಾಲಿಗೆ ಎಲ್ಲಿ ತಾಗಬೇಕು ಅಂತ ಸಹಿತ.

ಸ್ಟ್ರೀಕ್ ಇಲ್ಲ, ಪದಕ ಇಲ್ಲ, ಕರೆಂಟು ಹೋದ ದಿನವೂ ತಪ್ಪಿಸಿಲ್ಲ. ಯಾಕೆ ಅಂತ ಕೇಳಿದೆ. ದೇವರು, ಭಕ್ತಿ ಅಂತ ಏನಾದರೂ ಹೇಳುತ್ತಾಳೆ ಅಂದುಕೊಂಡಿದ್ದೆ.

"ಅಮ್ಮಿ ಹೋದಾಗ ಯಾಸೀನ್ ಓದಾಕ ಕುಂತಿದ್ವಿ ನೆಪ್ಪೈತಿಲ್ಲ? ಬಾಜೂಕ ಕುಂತಾಕಿ ನನ್ನ ತಪ್ಪು ತಿದ್ದಿದಳು, ಎಲ್ಲಾರ ಮುಂದ. ಅಮ್ಮಿ ಮುಂದ ಮಲಗ್ಯಾಳ, ನನಗ ಓದಾಕ ಬರವಲ್ದು. ಭಾಳ ನಾಚಿಕಿ ಆತು."

ನಾಚಿಕೆ. ಗಜಾಲಿಯವರ ಕಟ್ಟುನಿಟ್ಟಿನ ಲೆಕ್ಕಕ್ಕೆ ಹಚ್ಚಿದರೆ ಇದೂ ಜನರ ಕಣ್ಣಿಗಾಗಿ ಮಾಡಿದ್ದೇ, ಬ್ಯಾಟಿನ ಆಸೆಗಿಂತ ಬಹಳ ಮೇಲಿನದಲ್ಲ.

"ಈಗಲೂ ಅದಕ್ಕ ಓದ್ತೀಯೇನು?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಈಗ ಯಾಕ ಅಂದ್ರ ನನಗೂ ಗೊತ್ತಿಲ್ಲ. ಬಿಡಾಕ ಆಗವಲ್ದು."

ಹಿಂದಿನ ಎಷ್ಟೋ ಆಲಿಮರು ತಮ್ಮ ಬಗ್ಗೆ ಇಂಥದ್ದನ್ನೇ ಹೇಳಿಕೊಂಡಿದ್ದಾರೆ: ಓದಲು ಹೊರಟಾಗ ಮನಸ್ಸಿನಲ್ಲಿದ್ದದ್ದು ಬೇರೆ ಏನೋ, ಓದೇ ತಮ್ಮನ್ನು ಮೆಲ್ಲಗೆ ದೇವರ ಕಡೆ ತಿರುಗಿಸಿತು ಅಂತ. ಹೊರಡುವಾಗಿನ ಕಾರಣ ಕೀಳಾಗಿದ್ದರೂ ನಡೆಯುತ್ತದೆ, ದಾರಿಯಲ್ಲಿ ಅದು ಬದಲಾಗುವುದಕ್ಕೆ ಜಾಗ ಇರಬೇಕು. ಬೆತ್ತ ಒಂದು ವಯಸ್ಸಿಗೆ ತಾನಾಗೇ ನಿಲ್ಲುತ್ತಿತ್ತು. ಬೂಂದಿ ವರ್ಷಕ್ಕೆ ನಾಲ್ಕು ಸಲ. ನಾಚಿಕೆಗೂ ಒಂದು ಆಯುಷ್ಯ ಇದೆ. ನನ್ನ ಬೆಂಕಿಯ ಚಿಹ್ನೆಗೆ ನಾನು ಆಯುಷ್ಯವನ್ನೇ ಬರೆದಿರಲಿಲ್ಲ. ನಂದದಂತೆ ನೋಡಿಕೊಳ್ಳುವುದೇ ಅದರ ಕೆಲಸ, ಹುಡುಗನಿಗೂ ಅದೇ ಕೆಲಸ ಆಯಿತು. ಅದನ್ನು ಕಾಯುವ ಗಡಿಬಿಡಿಯಲ್ಲಿ ಸೂರಾ ಹಿಂದೆ ಬಿತ್ತು.

ಬೆಂಗಳೂರಿಗೆ ಬಂದು ಆ್ಯಪು ನಿಲ್ಲಿಸಿದೆ. ಹುಡುಗ ಮೂರು ವಾರ ಕುರ್‌ಆನ್ ಮುಟ್ಟಲಿಲ್ಲ. ಇದನ್ನು ಮುಚ್ಚಿಟ್ಟರೆ ಮೇಲೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಅಕ್ಕ ಫೋನಿನಲ್ಲಿ ನನ್ನನ್ನು ಚೆನ್ನಾಗಿ ಬೈದಳು, "ಇದ್ದದ್ದೂ ಕಳದಿ" ಅಂತ. ಆಮೇಲೆ ಹಾಫೀಜ್ ಸಾಬರೇ ಹೇಳಿಕಳಿಸಿದರು, ಭಾನುವಾರ ಮಸೀದಿಗೆ ಕಳಿಸಿ, ಕಾಯಿದಾ ಓದುವ ಸಣ್ಣ ಹುಡುಗರ ಪಾಠ ಕೇಳಲು ನನಗೊಬ್ಬ ಬೇಕು ಅಂತ. ಹುಡುಗ ಹೋಗುತ್ತಾನೆ. ಭಕ್ತಿಯಿಂದ ಅಂತ ನಾನು ಹೇಳಲಾರೆ. ಆರು ವರ್ಷದ ಮಕ್ಕಳ ಮೇಲೆ ದರ್ಬಾರು ಮಾಡುವುದು ಅವನಿಗೆ ಇಷ್ಟ. ಆದರೆ ಅವರಿಗೆ ಹೇಳಿಕೊಡಬೇಕಾದರೆ ತನಗೆ ಬರಬೇಕಲ್ಲ, ಅದಕ್ಕಾಗಿ ಶನಿವಾರ ರಾತ್ರಿ ಅಮ್ಮನ ಹತ್ತಿರ ಕೂತು ಸೀನ್, ಸ್ವಾದ್ ಸರಿಮಾಡಿಕೊಳ್ಳುತ್ತಾನಂತೆ. ಕಾಲ್‌ಗಳೂ ಮೊದಲಿನಂತೆ ವಾರಕ್ಕೆ ಮೂರು ನಡೆದಿವೆ.

ಬ್ಯಾಟು ಒಂದು ಉಳಿದಿತ್ತು. ಮಾತು ಕೊಟ್ಟಾಗಿತ್ತು, ನೂರು ಆಗಿರಲಿಲ್ಲ, ಆದ 96ರಲ್ಲೂ 23 ಖೋಟಾ. ಕೊಟ್ಟರೂ ತಪ್ಪು, ಕೊಡದಿದ್ದರೂ ತಪ್ಪು ಅನಿಸಿ ತಿಂಗಳುಗಟ್ಟಲೆ ತಳ್ಳಿದೆ. ಕೊನೆಗೆ ಈ ಸಲ ರಂಜಾನ್ ಹಬ್ಬಕ್ಕೆ ಊರಿಗೆ ಒಯ್ದು ಕೈಯಲ್ಲಿಟ್ಟೆ.

"ಇದು ಯಾವುದಕ್ಕ ಮಾಮು?"

"ಯಾವುದಕ್ಕೂ ಅಲ್ಲ. ಈದಿ."

ಈದಿ ಅಂದರೆ ಹಬ್ಬಕ್ಕೆ ದೊಡ್ಡವರು ಚಿಕ್ಕವರಿಗೆ ಸುಮ್ಮನೆ ಕೊಡುವುದು, ಅದಕ್ಕೆ ಯಾವ ಅರ್ಹತೆಯೂ ಬೇಕಿಲ್ಲ. ಹುಡುಗ ಬ್ಯಾಟನ್ನು ತಿರುಗಿಸಿ ನೋಡಿದ, ಎರಡು ಸಲ ಗಾಳಿಯಲ್ಲಿ ಬೀಸಿದ, ಹಿಡಿಕೆಯ ರಬ್ಬರು ಒತ್ತಿ ನೋಡಿದ. ಆಮೇಲೆ ಕೇಳಿದ:

"ಹಂಗಾರ ನೂರು ದಿನದ್ದು ಬ್ಯಾರೆ ಐತೇನು?"